ಅಕ್ಕನ ಅಂಗಡಿಯಲ್ಲಿ ‘ಪಹಣಿ’ ಎಂಬ ಕಮಾಂಡು

ಮೊದಲು ಕೆಟ್ಟಿದ್ದು ಮೌಸು.

ಶಿಡ್ಲಘಟ್ಟದಲ್ಲಿ ನನ್ನ ಅಕ್ಕನದು ಒಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನೋದು ಬೋರ್ಡಿನಲ್ಲಿ ಮಾತ್ರ. ಒಳಗೆ ನಡೆಯುವುದು ಪಹಣಿ, ಜಾತಿ-ಆದಾಯದ ಅರ್ಜಿ, ಕರೆಂಟ್ ಬಿಲ್ಲು, ಹುಡುಗರ ರಿಸಲ್ಟು. ನಡುನಡುವೆ ಮದುವೆ ಕಾರ್ಡು. ಒಂದು ಶನಿವಾರ ಊರಿಗೆ ಹೋದಾಗ ಅಕ್ಕ ಮೌಸನ್ನು ಮೇಜಿಗೆ ಕುಟ್ಟುತ್ತಿದ್ದಳು. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಗುತ್ತಿತ್ತು. ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚು ಸವೆದರೆ ಹೀಗೆಯೇ. ಬುಕ್‌ಮಾರ್ಕ್ ಪಟ್ಟಿ ತೆರೆದು ಅಲ್ಲೇ ಮುಚ್ಚಿಕೊಳ್ಳುತ್ತಿತ್ತು. ಮೇಜಿನ ಆಚೆ ಆರು ಜನ ನಿಂತಿದ್ದರು.

“ಲೋ, ಕೀಬೋರ್ಡಲ್ಲೇ ಎಲ್ಲಾ ಆಗೋ ಹಾಗೆ ಮಾಡಿಕೊಡೋ. ಈ ಇಲಿ ಸಹವಾಸ ಸಾಕು” ಅಂದಳು.

ಅಕ್ಕನಿಗೆ ಕೀಬೋರ್ಡು ಅಂದರೆ ನೀರು ಕುಡಿದ ಹಾಗೆ. ಇಪ್ಪತ್ತು ವರ್ಷದಿಂದ ‘ನುಡಿ’ ತಂತ್ರಾಂಶದಲ್ಲಿ ಮದುವೆ ಕಾರ್ಡು ಹೊಡೆದ ಕೈ ಅದು. ಕೀಲಿ ನೋಡುವುದೇ ಇಲ್ಲ.

ಇನ್ನೊಂದು ಕಾರಣವೂ ಇತ್ತು, ಅದು ಮೌಸಿಗಿಂತ ದೊಡ್ಡದು. ಬುಕ್‌ಮಾರ್ಕ್ ಸಿಗದಾಗ ಅವಳು ಹುಡುಕುವ ಪೆಟ್ಟಿಗೆಯಲ್ಲಿ ಸೇವೆಯ ಹೆಸರು ಹೊಡೆದು, ಮೊದಲು ಬಂದದ್ದನ್ನು ಒತ್ತುತ್ತಿದ್ದಳು. ಮೊದಲು ಬರುವುದು ಎಷ್ಟೋ ಸಲ ಜಾಹೀರಾತು. ಸರ್ಕಾರಿ ಸೈಟಿನ ಹಾಗೇ ಬಣ್ಣ, ಹಾಗೇ ಲಾಂಛನ, ಕೊನೆಗೆ ‘ಸೇವಾ ಶುಲ್ಕ’. ಹಿಂದಿನ ವರ್ಷ ಹೀಗೆ ಒಬ್ಬ ರೈತರ 300 ರೂಪಾಯಿ ಹೋಗಿ, ಅಕ್ಕ ತನ್ನ ಗಲ್ಲಾದಿಂದ ಕೊಟ್ಟಿದ್ದಳು. ಹಾಗಾಗಿ ನಾನು ಹಾಕಿಕೊಂಡ ಲೆಕ್ಕ ಇಷ್ಟೇ: ಹುಡುಕುವುದೇ ಬೇಡ. ಒಂದು ಪದ ಹೊಡೆದರೆ ಒಂದೇ ವಿಳಾಸ ತೆರೆಯಬೇಕು. ಪದ ಕನ್ನಡದ್ದೇ ಆಗಿರಬೇಕು, ಯಾಕೆಂದರೆ ಅಕ್ಕ ಕನ್ನಡ ಲೇಔಟಿನಿಂದ ಆಚೆ ಬರುವುದೇ ಅಪರೂಪ.

ಒಂದು ಮಾತು. ಈ ಕಮಾಂಡುಗಳನ್ನೆಲ್ಲ, ಅಂದರೆ ಕಂಪ್ಯೂಟರಿಗೆ ಹೊಡೆದು ಕೊಡುವ ಅಪ್ಪಣೆಗಳನ್ನೆಲ್ಲ, ನಾನು ಆಮೇಲೆ ಅಕ್ಕನಿಗೆ ಫೋನಿನಲ್ಲಿ ಹೇಳಿ ಬರೆಸಿದ್ದೆ. ಅವಳ ನೋಟ್‌ಬುಕ್ಕಿನಲ್ಲಿ ಅವು ಕನ್ನಡದಲ್ಲೇ ಇವೆ, ಇಲ್ಲಿಯೂ ಹಾಗೇ ಬರೆಯುತ್ತಿದ್ದೇನೆ. ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ. ಫೈಲಿನ ಹೆಸರುಗಳು ಮಾತ್ರ ನಿಜವಾಗಿಯೂ ಕನ್ನಡ.

ಶನಿವಾರ ರಾತ್ರಿ

ಕಂಪ್ಯೂಟರು ಹಳೆಯದು. 4 ಜಿಬಿ ರ‍್ಯಾಮು, ತಿರುಗುವ ಹಾರ್ಡ್ ಡಿಸ್ಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು, ವಿಂಡೋಸ್ 11 ಈ ಯಂತ್ರಕ್ಕೆ ಹತ್ತುವುದಿಲ್ಲ. ಹೋದ ದೀಪಾವಳಿಗೆ ಬಂದಾಗ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿದ್ದೆ, ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಕನ್ನಡಕ್ಕೆ ‘ಕಗಪ’ ಲೇಔಟು ಅದರಲ್ಲೇ ಇದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿರುವ ಅದೇ ವಿನ್ಯಾಸ. ಹಾಗಾಗಿ ಅಕ್ಕನ ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ. ಗಿರಾಕಿಗಳ ಬೆರಳ ಗುರುತು ಓದುವ ಯಂತ್ರಕ್ಕೆ ವಿಂಡೋಸೇ ಬೇಕು ಅಂತ ಪಕ್ಕದ ಇನ್ನೊಂದು ಕಂಪ್ಯೂಟರು ಹಾಗೇ ಉಳಿದಿದೆ. ಅದರ ಕಥೆ ಆಮೇಲೆ.

ಟರ್ಮಿನಲ್, ಅಂದರೆ ಕಮಾಂಡು ಹೊಡೆಯುವ ಕಿಟಕಿ ತೆರೆದು ಮೊದಲು ಹೊಡೆದದ್ದು ಎಲ್ಲರೂ ಹೊಡೆಯುವುದನ್ನೇ: ಎಕ್ಸ್‌ಡಿಜಿ-ಓಪನ್, ಅಂದರೆ ‘ಇದನ್ನು ತಕ್ಕ ಪ್ರೋಗ್ರಾಮಿನಲ್ಲಿ ತೆರೆ’ ಅಂತ, ಮುಂದೆ ಪಹಣಿ ಸೈಟಿನ ವಿಳಾಸ. ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್’. ತೆರೆಯಲಿಲ್ಲ. ಅಂಥ ಫೈಲೇ ಇಲ್ಲ ಅಂತ ಬೈಯಿತು. ಮೊದಲಲ್ಲಿ ‘ಎಚ್‌ಟಿಟಿಪಿಎಸ್’, ಕೋಲನ್, ಎರಡು ಓರೆಗೆರೆ ಹಾಕಿರಲಿಲ್ಲ. ಅದು ಇದ್ದರೆ ಮಾತ್ರ ಎಕ್ಸ್‌ಡಿಜಿ-ಓಪನ್‌ಗೆ ಇದು ವೆಬ್ ವಿಳಾಸ ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಕೈಹತ್ತಿರದ ಫೋಲ್ಡರಿನಲ್ಲಿ ಆ ಹೆಸರಿನ ಫೈಲನ್ನು ಹುಡುಕುತ್ತದೆ. ಫೈರ್‌ಫಾಕ್ಸ್ ಅಂತಲೇ ಹೊಡೆದು ಮುಂದೆ ಬರೀ ವಿಳಾಸ ಕೊಟ್ಟರೆ ಅದು ತಾನೇ ಊಹಿಸಿಕೊಳ್ಳುತ್ತದೆ.

ಈ ಎಕ್ಸ್‌ಡಿಜಿ-ಓಪನ್ ಏನೋ ದೊಡ್ಡ ಯಂತ್ರ ಅಂದುಕೊಂಡಿದ್ದೆ. ತೆಗೆದು ಓದಿದರೆ ಅದೂ ಒಂದು ಶೆಲ್ ಸ್ಕ್ರಿಪ್ಟು. ಶೆಲ್ ಅಂದರೆ ನಾವು ಹೊಡೆದ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಮು, ಸ್ಕ್ರಿಪ್ಟು ಅಂದರೆ ಅದಕ್ಕೆ ಸಾಲಾಗಿ ಬರೆದಿಟ್ಟ ಕಮಾಂಡುಗಳ ಫೈಲು. ತಾನು ಯಾರ ಮನೆಯಲ್ಲಿದ್ದೇನೆ, ಅಂದರೆ ಲಿನಕ್ಸಿನ ಯಾವ ಡೆಸ್ಕ್ ಟಾಪು ನಡೆಯುತ್ತಿದೆ ಅಂತ ನೋಡಿಕೊಳ್ಳುತ್ತದೆ. ಗ್ನೋಮ್ ಆದರೆ ‘ಜಿಐಓ ಓಪನ್’, ಎಕ್ಸ್‌ಎಫ್‌ಸಿಇ ಆದರೆ ‘ಎಕ್ಸೋ-ಓಪನ್’, ಕೆಡಿಇ ಆದರೆ ‘ಕೆಡಿಇ-ಓಪನ್’. ಕೆಲಸವನ್ನು ಅವರಿಗೆ ದಾಟಿಸಿ ಸುಮ್ಮನಾಗುತ್ತದೆ. ಯಾವ ಬ್ರೌಸರು ಬರಬೇಕು ಅನ್ನೋದನ್ನು ‘ಎಕ್ಸ್‌ಡಿಜಿ-ಸೆಟ್ಟಿಂಗ್ಸ್’ ಅನ್ನೋ ಅದರ ಜೊತೆಗಾರನಿಂದ ಬದಲಿಸಬಹುದು.

ಮನೆಯ ಫೋಲ್ಡರಿನಲ್ಲಿ ‘ಬಿನ್’ ಅಂತ ಒಂದು ಫೋಲ್ಡರು ಮಾಡಿದೆ. ಒಳಗೆ ‘ಪಹಣಿ’ ಅಂತ ಒಂದು ಫೈಲು. ಎರಡೇ ಸಾಲು, ಮೊದಲನೆಯದು ಇದನ್ನು ‘ಬ್ಯಾಷ್’ ಅನ್ನೋ ಶೆಲ್ ನಡೆಸಲಿ ಅಂತ, ಎರಡನೆಯದು ಮಾಡಬೇಕಾದ ಕೆಲಸ:

#!/ಬಿನ್/ಬ್ಯಾಷ್
ಎಕ್ಸ್‌ಡಿಜಿ-ಓಪನ್ 'ಪೂರ್ತಿ ವಿಳಾಸ ಇಲ್ಲಿ'

‘ಸಿಎಚ್‌ಮಾಡ್ +ಎಕ್ಸ್ ಪಹಣಿ’ ಅಂತ ಹೊಡೆದು ಅದಕ್ಕೆ ಓಡುವ ಹಕ್ಕು ಕೊಟ್ಟೆ. ಲಿನಕ್ಸಿನಲ್ಲಿ ಫೈಲಿನ ಹೆಸರು ಯಾವ ಲಿಪಿಯಲ್ಲಿದ್ದರೂ ತಕರಾರಿಲ್ಲ. ಹೆಸರಿಗೆ 255 ಬೈಟು ಜಾಗ. ಕನ್ನಡದ ಒಂದೊಂದು ಅಕ್ಷರ, ಗುಣಿತದ ಒಂದೊಂದು ಚಿಹ್ನೆ, ಎಲ್ಲಕ್ಕೂ ಮೂರು ಮೂರು ಬೈಟು. ಅಂದರೆ 85 ಚಿಹ್ನೆ ಹಿಡಿಯುತ್ತದೆ. ಒಂದು ಕಮಾಂಡಿಗೆ ಅಷ್ಟು ಜಾಸ್ತಿಯೇ ಆಯಿತು.

ಹೊಡೆದೆ. ‘ಕಮಾಂಡ್ ನಾಟ್ ಫೌಂಡ್.’ ಮಿಂಟ್‌ನಲ್ಲಿ ಮನೆಯೊಳಗಿನ ಬಿನ್ ಫೋಲ್ಡರನ್ನು ಹುಡುಕುವ ದಾರಿಗೆ ಸೇರಿಸುವುದು ಲಾಗಿನ್ ಆಗುವ ಹೊತ್ತಿನಲ್ಲಿ, ಅದೂ ಆ ಫೋಲ್ಡರು ಆಗಲೇ ಇದ್ದರೆ. ನಾನು ಮಾಡಿದ್ದು ಲಾಗಿನ್ ಆದಮೇಲೆ. ಒಂದು ಸಲ ಆಚೆ ಹೋಗಿ ಒಳಗೆ ಬಂದೆ, ಸರಿಹೋಯಿತು.

ಅಕ್ಕನನ್ನು ಕರೆದೆ. ಪಿ, ಎಚ್, ಶಿಫ್ಟ್ ಹಿಡಿದು ಎನ್, ಐ. ನಾಲ್ಕು ಒತ್ತು, ಎಂಟರ್. ಪಹಣಿ ಪುಟ ಬಂತು. ಅವಳು ಏನೂ ಹೇಳಲಿಲ್ಲ. ಅದನ್ನು ಮುಚ್ಚಿ ಇನ್ನೊಂದು ಸಲ ಹೊಡೆದಳು.

ಪುಟ ಬಂದಮೇಲಿನ ಕೆಲಸ ಮಾತ್ರ ಕೈಯಲ್ಲೇ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಒಂದಾದ ಮೇಲೆ ಒಂದು ಆರಿಸಬೇಕು. ವಿಳಾಸದೊಳಗೇ ಸೇರಿಸಿಬಿಡೋಣ ಅಂದುಕೊಂಡಿದ್ದೆ, ಆಗಲಿಲ್ಲ. ಆರಿಸಿದ್ದು ವಿಳಾಸದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ನಮ್ಮ ಕಡೆ ಇದಕ್ಕೆ ಒಂದು ಬಾಲವೂ ಇದೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಹಳೆ ಕಾಗದಗಳಲ್ಲಿ ಇನ್ನೂ ಕೋಲಾರ ಜಿಲ್ಲೆ ಅಂತಲೇ ಇರುತ್ತದೆ. ತಾತಂದಿರು ಅದನ್ನು ನೋಡಿಕೊಂಡು “ಕೋಲಾರ ಅಂತ ಹಾಕಮ್ಮ” ಅನ್ನುತ್ತಾರೆ. ಅಲ್ಲಿ ಶಿಡ್ಲಘಟ್ಟ ಸಿಗುವುದಿಲ್ಲ. ಅಕ್ಕ “ಆಯ್ತು ತಾತಾ” ಅಂತ ಹೇಳಿ ಚಿಕ್ಕಬಳ್ಳಾಪುರ ಹಾಕುತ್ತಾಳೆ.

ಭಾನುವಾರ: ‘ದಾರಿ’ ಅರ್ಧಕ್ಕೆ ನಿಂತಿದ್ದು

ನಮ್ಮೂರಲ್ಲಿ ರೇಷ್ಮೆ ಗೂಡಿನ ಮಾತು ಇಲ್ಲದೆ ಯಾವುದೂ ಮುಗಿಯುವುದಿಲ್ಲ. ಇಲ್ಲಿ ರೇಟು ಬಿದ್ದರೆ ರಾಮನಗರದಲ್ಲಿ ಎಷ್ಟಿದೆ ಅಂತ ಬೆಳೆಗಾರರು ಕೇಳುತ್ತಾರೆ. ಗಾಡಿ ಮಾಡಿಕೊಂಡು ಹೋಗುವವರಿಗೆ ಬೆಂಗಳೂರು ದಾಟುವ ಹೊತ್ತಿನಲ್ಲಿ ಟ್ರಾಫಿಕ್ ಹೇಗಿದೆ ಅಂತ ನೋಡಬೇಕು. ಅದಕ್ಕೆ ‘ದಾರಿ’ ಅಂತ ಒಂದು ಕಮಾಂಡು ಇಡೋಣ ಅಂದುಕೊಂಡೆ. ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿ ತೋರಿಸುವುದಕ್ಕೆ ಗೊತ್ತಾದ ವಿಳಾಸ ಇದೆ: ಪ್ರಶ್ನೆ ಚಿಹ್ನೆ ಆದಮೇಲೆ ‘ಎಪಿಐ=1’, ಆಮೇಲೆ ‘&ಒರಿಜಿನ್=’ ಅಂತ ಹೊರಡುವ ಊರು, ‘&ಡೆಸ್ಟಿನೇಷನ್=’ ಅಂತ ಸೇರುವ ಊರು.

ಸ್ಕ್ರಿಪ್ಟಿಗೆ ಹಾಕುವ ಮುಂಚೆ ಟರ್ಮಿನಲಿನಲ್ಲೇ ಒಂದು ಸಲ ನೋಡೋಣ ಅಂತ ಉದ್ಧರಣ ಚಿಹ್ನೆ ಇಲ್ಲದೆ ಹೊಡೆದೆ. ಮ್ಯಾಪು ತೆರೆಯಿತು. ಎರಡೂ ಊರು ಖಾಲಿ. ಟರ್ಮಿನಲಿನಲ್ಲಿ ಚೌಕ ಕಂಸದೊಳಗೆ 1 ಅಂತ ಒಂದು ಸಾಲು, 2 ಅಂತ ಇನ್ನೊಂದು. ಪಕ್ಕದಲ್ಲಿ ಏನೋ ನಂಬರು. ತಪ್ಪು ಅಂತ ಒಂದು ಮಾತೂ ಇಲ್ಲ. ನಾನು ಹತ್ತು ನಿಮಿಷ ಊರಿನ ಸ್ಪೆಲ್ಲಿಂಗು ತಿದ್ದುತ್ತಾ ಕೂತಿದ್ದೆ.

ಆಗಿದ್ದು ಇದು. ಶೆಲ್‌ಗೆ & ಅಂದರೆ ‘ಇಲ್ಲಿಗೆ ಒಂದು ಕಮಾಂಡು ಮುಗಿಯಿತು, ಅದನ್ನು ಹಿನ್ನೆಲೆಯಲ್ಲಿ ಓಡಲು ಬಿಡು’ ಅಂತ. ನನ್ನ ಒಂದು ವಿಳಾಸವನ್ನು ಅದು ಮೂರು ತುಂಡು ಮಾಡಿತ್ತು. ಮೊದಲ ತುಂಡು ಬ್ರೌಸರಿಗೆ ಹೋಯಿತು. ಎರಡನೇ ತುಂಡು ‘ಒರಿಜಿನ್ ಸಮ ಶಿಡ್ಲಘಟ್ಟ’, ಮೂರನೆಯದು ‘ಡೆಸ್ಟಿನೇಷನ್ ಸಮ ರಾಮನಗರ’. ಇವೆರಡೂ ನೋಡುವುದಕ್ಕೆ ಶೆಲ್‌ನ ವೇರಿಯಬಲ್ಲಿಗೆ, ಅಂದರೆ ಏನಾದರೂ ನೆನಪಿಟ್ಟುಕೊಳ್ಳುವ ಹೆಸರಿಟ್ಟ ಜೇಬಿಗೆ, ಬೆಲೆ ಕೊಟ್ಟ ಹಾಗೇ ಇವೆ! ಹಾಗಾಗಿ ಅದು ಬೈಯಲೇ ಇಲ್ಲ, ಖುಷಿಯಾಗಿ ಒಪ್ಪಿಕೊಂಡಿತು. ಅನುಮಾನ ಬಂದು, ಜೇಬಿನಲ್ಲಿ ಏನಿದೆ ತೋರಿಸು ಅಂತ ‘ಎಕೋ $ಡೆಸ್ಟಿನೇಷನ್’ ಅಂತ ಹೊಡೆದರೆ ‘ರಾಮನಗರ’ ಅಂತ ಉತ್ತರ ಬಂತು. ತಲೆ ಚಚ್ಚಿಕೊಂಡೆ. ಸೇರುವ ಊರು ಕಳೆದಿರಲಿಲ್ಲ, ತಪ್ಪು ಜೇಬಿನಲ್ಲಿತ್ತು ಅಷ್ಟೇ.

ಮದ್ದು ಒಂದೇ: ವಿಳಾಸದ ಎರಡು ಕಡೆ ಒಂಟಿ ಉದ್ಧರಣ ಚಿಹ್ನೆ. ಪ್ರಶ್ನೆ ಚಿಹ್ನೆಗೂ ಶೆಲ್‌ನಲ್ಲಿ ಬೇರೆ ಅರ್ಥ ಇದೆ, ‘ಯಾವುದಾದರೂ ಒಂದು ಅಕ್ಷರ’ ಅಂತ. ಬ್ಯಾಷ್ ಹೊಂದುವ ಫೈಲು ಸಿಗದಿದ್ದರೆ ಸುಮ್ನೆ ಬಿಟ್ಟುಬಿಡುತ್ತದೆ, ಇನ್ನೊಂದು ಶೆಲ್ಲಾದ ಜೆಡ್‌ಶೆಲ್ ಜಗಳಕ್ಕೆ ಬರುತ್ತದೆ. ಚಿಹ್ನೆಯೊಳಗೆ ಇಟ್ಟರೆ ಎರಡೂ ಕಡೆ ನೆಮ್ಮದಿ.

ಒಂದು ಕರೆಂಟ್ ಬಿಲ್ಲಿನ ಜಗಳ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಕೆಲಸದಲ್ಲಿ ನನ್ನನ್ನು ಜಾಸ್ತಿ ಸತಾಯಿಸಿದ್ದು ಇದೇ.

ಭಾನುವಾರ ಮಧ್ಯಾಹ್ನ ‘ಕರೆಂಟ್‌ಬಿಲ್’ ಅಂತ ಒಂದು ಕಮಾಂಡು ಮಾಡಿದೆ. ಹೆಸರನ್ನು ನನ್ನ ಫೋನಿನಲ್ಲಿ ಬರೆದಿಟ್ಟ ಪಟ್ಟಿಯಿಂದ ಕಾಪಿ ಮಾಡಿ ಹಾಕಿದ್ದೆ. ನಾನು ಓಡಿಸಿದೆ, ತೆರೆಯಿತು. ಅಕ್ಕ ಹೊಡೆದಳು, ‘ಕಮಾಂಡ್ ನಾಟ್ ಫೌಂಡ್’. ನಾನು ಮತ್ತೆ ಓಡಿಸಿದೆ, ತೆರೆಯಿತು. ಅಕ್ಕ ಮತ್ತೆ, ಇಲ್ಲ.

“ಸರಿಯಾಗಿ ಹೊಡಿ ಅಕ್ಕಾ.”

“ನೀನು ಹುಟ್ಟೋ ಮುಂಚೆ ಟೈಪಿಂಗ್ ಕ್ಲಾಸಿಗೆ ಹೋದೋಳು ಕಣೋ ನಾನು.” ಹುಟ್ಟೋ ಮುಂಚೆ ಅನ್ನೋದು ಸುಳ್ಳು. ಆದರೆ ತಪ್ಪು ಅವಳದಲ್ಲ ಅನ್ನೋದು ನಿಜ.

ಪರದೆಯ ಮೇಲೆ ಎರಡು ಸಾಲೂ ಒಂದೇ ಥರ ಕಾಣುತ್ತಿದ್ದವು. ಅದೇ ಮೋಸ. ಕನ್ನಡದಲ್ಲಿ ‘ಟ್’ ಆದಮೇಲೆ ‘ಬಿ’ ಹೊಡೆದರೆ ಎರಡೂ ಕೂಡಿ ಒತ್ತಕ್ಷರ ಆಗಬೇಕು: ಟ್ಬಿ. ಕೂಡಬಾರದು ಅಂದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರಬೇಕು, ಅಗಲವೇ ಇಲ್ಲದ ಬೇಲಿ. ನನ್ನ ಫೋನಿನ ಕೀಬೋರ್ಡು ಆ ಬೇಲಿ ಹಾಕಿತ್ತು. ಅಕ್ಕನ ಬೆರಳು ಹಾಕಿರಲಿಲ್ಲ. ಒಳ್ಳೆ ಕಡೆ ನೋಡಿದ್ದರೆ ಒಂದು ‘ಕರೆಂಟ್‌ಬಿಲ್’, ಇನ್ನೊಂದು ‘ಕರೆಂಟ್ಬಿಲ್’ ಅಂತ ತಕ್ಷಣ ಗೊತ್ತಾಗುತ್ತಿತ್ತು. ಆದರೆ ಆ ಟರ್ಮಿನಲಿಗೆ ಒತ್ತಕ್ಷರ ಕೂಡಿಸುವುದೇ ಬರುವುದಿಲ್ಲ. ಅದು ಪರದೆಯನ್ನು ಗಣಿತದ ಪುಸ್ತಕದ ಹಾಗೆ ಚೌಕ ಚೌಕ ಮಾಡಿಕೊಂಡಿರುತ್ತದೆ, ಒಂದು ಚೌಕದ ವ್ಯಂಜನ ಪಕ್ಕದ ಚೌಕದ ವ್ಯಂಜನದ ಕೆಳಗೆ ಹೋಗಿ ಕೂರುವುದಿಲ್ಲ. ಹಾಗಾಗಿ ಬೇಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡೂ ಒಡೆದೇ ಕಾಣುತ್ತವೆ. ನಾನು ಓಡಿಸುವಾಗ ಮೊದಲ ಅಕ್ಷರ ಹೊಡೆದು ಟ್ಯಾಬ್ ಒತ್ತುತ್ತಿದ್ದೆ, ಉಳಿದದ್ದನ್ನು ಶೆಲ್ಲೇ ತುಂಬುತ್ತಿತ್ತು, ಬೇಲಿ ಸಮೇತ. ಅದಕ್ಕೇ ನನಗೆ ಮಾತ್ರ ಒಲಿಯುತ್ತಿತ್ತು.

ಸಿಕ್ಕಿದ್ದು ಹೇಗೆ ಅಂದರೆ, ಫೋಲ್ಡರಿನ ಪಟ್ಟಿಯನ್ನು, ಒಂದೊಂದು ಬೈಟನ್ನೂ ಬಿಡಿಬಿಡಿಯಾಗಿ ತೋರಿಸುವ ‘ಓಡಿ -ಟಿ ಎಕ್ಸ್1’ಗೆ ಕೊಟ್ಟು ಬೈಟುಗಳನ್ನೇ ಎಣಿಸಿದೆ. ಕನ್ನಡದ ಅಕ್ಷರಗಳೆಲ್ಲ ‘ಇ0 ಬಿ2’ ಅಥವಾ ‘ಇ0 ಬಿ3’ ಅಂತ ಶುರುವಾಗುತ್ತವೆ. ಮಧ್ಯದಲ್ಲಿ ಒಂದು ಕಡೆ ‘ಇ2 80 8ಸಿ’ ಕೂತಿತ್ತು. ಅದೇ ಬೇಲಿ.

ಈಗ ಏನು ಮಾಡುವುದು? ಎರಡು ಹೆಸರಿನಲ್ಲೂ ಫೈಲು ಇಡಬಹುದು, ಒಂದಕ್ಕೆ ಇನ್ನೊಂದರ ಕೊಂಡಿ. ಅಥವಾ ಬೇಲಿ ತೆಗೆದು ಹೋಲಿಸುವ ಸ್ಕ್ರಿಪ್ಟು. ನಾನು ಎರಡನೆಯದನ್ನು ಬರೆಯುವುದಕ್ಕೆ ಶುರು ಮಾಡಿದ್ದೆ. ಅಕ್ಕ ಹಿಂದೆ ನಿಂತು ನೋಡಿ ಕೇಳಿದಳು: “ಕರೆಂಟು ಅಂತ ಇಡೋಕೆ ಏನು ಕಷ್ಟ? ನಾವ್ಯಾರಾದ್ರೂ ಕರೆಂಟ್ ಅಂತ ನಿಲ್ಲಿಸ್ತೀವಾ?”

ಅಲ್ವಾ! ಇಂಗ್ಲಿಷಿನ ಪದ ನಮ್ಮ ಬಾಯಿಗೆ ಬಂದರೆ ಕೊನೆಗೆ ಒಂದು ‘ಉ’ ಸೇರಿಸಿಕೊಂಡೇ ಬರುತ್ತದೆ. ಬಸ್ಸು, ಬಿಲ್ಲು, ಕರೆಂಟು, ರಿಸಲ್ಟು. ಆ ‘ಉ’ ಇದ್ದರೆ ಅರ್ಧಾಕ್ಷರ ಇಲ್ಲ, ಬೇಲಿಯ ಗೊಡವೆ ಇಲ್ಲ. ‘ರಿಸಲ್ಟು’ವಿನಲ್ಲಿ ಒತ್ತಕ್ಷರ ಇದೆ, ಇರಲಿ. ಅದನ್ನು ಎಲ್ಲ ಕೀಬೋರ್ಡೂ ಒಂದೇ ಥರ ಬರೆಯುತ್ತವೆ. ಬರೆದ ಅರ್ಧ ಸ್ಕ್ರಿಪ್ಟನ್ನು ಅಳಿಸಿದೆ. ಪಟ್ಟಿಯ ಹೆಸರುಗಳನ್ನೆಲ್ಲ ಅಕ್ಕನ ಬಾಯಿಂದ ಕೇಳಿಕೊಂಡು ಬದಲಿಸಿದೆ: ಪಹಣಿ, ಜಾತಿ, ಆದಾಯ, ಕರೆಂಟು, ರಿಸಲ್ಟು, ಬೆಲೆ, ದಾರಿ.

ಟರ್ಮಿನಲನ್ನೂ ಅವಳಿಗೆ ಕೊಡಲಿಲ್ಲ. ಆಲ್ಟ್ ಹಿಡಿದು ಎಫ್2 ಒತ್ತಿದರೆ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ, ಅಲ್ಲಿಯೂ ಇದೇ ಕಮಾಂಡು ಹೊಡೆಯಬಹುದು. ಅದರಲ್ಲಿ ಕನ್ನಡ ಸೊಗಸಾಗಿ ಕಾಣುತ್ತದೆ, ಒತ್ತಕ್ಷರ ಎಲ್ಲ ತಮ್ಮ ಜಾಗದಲ್ಲೇ.

ಮುಂದಿನ ಶನಿವಾರ: ಬೇರೆಯವರ ಹೆಸರು

ವಾರದ ನಡುವೆ ಅಕ್ಕ ಫೋನ್ ಮಾಡಿದಳು. ಒಬ್ಬ ಹುಡುಗನ ವಿದ್ಯಾರ್ಥಿವೇತನದ ಪುಟ ತೆರೆದರೆ ಮೇಲೆ ಅದಕ್ಕೂ ಮುಂಚೆ ಬಂದಿದ್ದ ಹುಡುಗಿಯ ಹೆಸರು ಇತ್ತಂತೆ. ಎದೆ ಧಸಕ್ಕೆಂದಿತು. ಇಂಥ ಅಂಗಡಿಯಲ್ಲಿ ಅದಕ್ಕಿಂತ ಕೆಟ್ಟದ್ದು ಏನಿದೆ?

ನಾನು ಆ ಬಗ್ಗೆ ಯೋಚನೆ ಮಾಡಿರಲಿಲ್ಲ ಅಂತಲ್ಲ. ಎಕ್ಸ್‌ಡಿಜಿ-ಓಪನ್‌ಗೆ ‘ಖಾಸಗಿ ಕಿಟಕಿಯಲ್ಲಿ ತೆರೆ’ ಅಂತ ಹೇಳುವುದಕ್ಕೆ ಆಗುವುದಿಲ್ಲ, ಅದಕ್ಕೆ ಆ ಭಾಷೆ ಗೊತ್ತಿಲ್ಲ. ಹಾಗಾಗಿ ಭಾನುವಾರ ಹೊರಡುವ ಮುಂಚೆ ಅದನ್ನು ತೆಗೆದು, ‘ಫೈರ್‌ಫಾಕ್ಸ್ --ಪ್ರೈವೇಟ್-ವಿಂಡೋ’ ಅಂತ ಹಾಕಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಸಾಲದು. ಫೈರ್‌ಫಾಕ್ಸಿನಲ್ಲಿ ಖಾಸಗಿ ಕಿಟಕಿಗಳೆಲ್ಲ ಒಂದೇ ಮನೆ. ಒಂದರಲ್ಲಿ ಲಾಗಿನ್ ಆದರೆ ಇನ್ನೊಂದಕ್ಕೂ ಗೊತ್ತಾಗುತ್ತದೆ. ಕೊನೆಯ ಖಾಸಗಿ ಕಿಟಕಿ ಮುಚ್ಚಿದ ಮೇಲೆಯೇ ಅದು ಮರೆಯುವುದು. ಹುಡುಗಿಯ ಕಿಟಕಿಯನ್ನು ಅಕ್ಕ ಮುಚ್ಚಿರಲಿಲ್ಲ, ಕೆಳಗೆ ಇಳಿಸಿದ್ದಳು. ಒಟಿಪಿ ಬರಲಿ ಅಂತ ಕಾಯುತ್ತಿದ್ದರಂತೆ.

ಈ ಸಲ ಪ್ರತಿ ಗಿರಾಕಿಗೂ ಬೇರೆ ಮನೆ ಕಟ್ಟಿದೆ. ‘ತೆರೆ’ ಅಂತ ಒಂದು ಹೊಸ ಫೈಲು. ಅದರ ಕೆಲಸ ನಾಲ್ಕು ಹೆಜ್ಜೆ. ‘ಎಂಕೆಟೆಂಪ್ -ಡಿ’ ಅಂತ ಕೇಳಿ ಒಂದು ತಾತ್ಕಾಲಿಕ ಫೋಲ್ಡರು ಪಡೆಯುವುದು. ನಾನು ಮೊದಲೇ ಸಿದ್ಧ ಮಾಡಿಟ್ಟ ಖಾಲಿ ಪ್ರೊಫೈಲನ್ನು (ಬ್ರೌಸರು ತನ್ನ ಲಾಗಿನ್, ನೆನಪು ಎಲ್ಲ ಇಟ್ಟುಕೊಳ್ಳುವ ಫೋಲ್ಡರು) ಅದರೊಳಗೆ ಕಾಪಿ ಮಾಡುವುದು. ‘ಫೈರ್‌ಫಾಕ್ಸ್ --ನ್ಯೂ-ಇನ್‌ಸ್ಟೆನ್ಸ್ --ಪ್ರೊಫೈಲ್’ ಅಂತ ಆ ಫೋಲ್ಡರನ್ನು ತೋರಿಸಿ ವಿಳಾಸ ಕೊಡುವುದು. ಕಿಟಕಿ ಮುಚ್ಚುವವರೆಗೆ ಸ್ಕ್ರಿಪ್ಟು ಅಲ್ಲೇ ಕಾಯುತ್ತದೆ. ಮುಚ್ಚಿದ ಮೇಲೆ ಫೋಲ್ಡರನ್ನು ಅಳಿಸುವುದು. ಪಹಣಿ, ಜಾತಿ, ಆದಾಯ ಎಲ್ಲವೂ ಈಗ ‘ತೆರೆ’ಗೆ ವಿಳಾಸ ದಾಟಿಸುವ ಒಂದು ಸಾಲು ಅಷ್ಟೇ.

ಖಾಲಿ ಪ್ರೊಫೈಲನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದು ಯಾಕೆಂದರೆ, ಹೊಚ್ಚ ಹೊಸ ಪ್ರೊಫೈಲಿನಲ್ಲಿ ಫೈರ್‌ಫಾಕ್ಸ್ ಪ್ರತಿ ಸಲ ಸ್ವಾಗತ ಕೋರುತ್ತದೆ. ಮೇಜಿನ ಆಚೆ ಜನ ನಿಂತಿರುವಾಗ ಅದು ಬೇಡ. ವೇರಿಯಬಲ್ಲಿಗೆ ‘ಮನೆ’ ಅಂತ ಹೆಸರಿಡಲು ಹೋದೆ, ಬ್ಯಾಷ್ ಒಪ್ಪಲಿಲ್ಲ. ಫೈಲಿಗೆ ಕನ್ನಡ ಆಗುತ್ತದೆ, ವೇರಿಯಬಲ್ಲಿಗೆ ಇಂಗ್ಲಿಷ್ ಅಕ್ಷರವೇ ಬೇಕು. ಅಳಿಸುವ ಸಾಲಿನಲ್ಲಿ ಮಾತ್ರ ಮೂರು ಸಲ ನೋಡಿಕೊಂಡೆ. ಆ ವೇರಿಯಬಲ್ಲು ತಪ್ಪಿದರೆ ‘ಆರ್‌ಎಂ -ಆರ್‌ಎಫ್’ ಏನನ್ನು ಅಳಿಸುತ್ತದೋ ದೇವರೇ ಬಲ್ಲ. ಫೋಲ್ಡರು ಸಿಗದಿದ್ದರೆ ಅಲ್ಲೇ ನಿಲ್ಲಲಿ ಅಂತ ಮೊದಲೇ ಒಂದು ಸಾಲು ಸೇರಿಸಿದೆ. ನಡುವೆ ಕರೆಂಟು ಹೋದರೆ? ಫೋಲ್ಡರು ಇರುವುದು ‘ಟಿಎಂಪಿ’ಯಲ್ಲಿ, ಮತ್ತೆ ಶುರುವಾದಾಗ ಮಿಂಟ್ ಅದನ್ನು ಗುಡಿಸುತ್ತದೆ. ಇದನ್ನೇ ಉಬುಂಟು ಅನ್ನೋ ಇನ್ನೊಂದು ಲಿನಕ್ಸಿನಲ್ಲಿ ಮಾಡುವವರು ನೋಡಿಕೊಳ್ಳಿ. ಅಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಅನ್ನೋ, ಉಳಿದದ್ದರಿಂದ ಬೇರ್ಪಟ್ಟ ಡಬ್ಬಿಯೊಳಗೆ. ಅದರ ‘ಟಿಎಂಪಿ’ ಬೇರೆ, ನಮ್ಮದು ಬೇರೆ. ಪ್ರೊಫೈಲು ಸಿಗಲಿಲ್ಲ ಅಂತ ತಕರಾರು ಬರುತ್ತದೆ.

4 ಜಿಬಿ ರ‍್ಯಾಮಿನಲ್ಲಿ ಹೀಗೆ ಎರಡು ಮನೆ ನಡೆಯುತ್ತವೆ, ಮೂರನೆಯದಕ್ಕೆ ಫ್ಯಾನು ಕಿರುಚುತ್ತದೆ. ಎರಡು ಸಾಕು ಅಂದಳು ಅಕ್ಕ.

ಕಿಟಕಿ ಮುಚ್ಚಿದರೂ ಇಳಿಸಿದ ಪಿಡಿಎಫ್ ಉಳಿಯುತ್ತದೆ. ಖಾಸಗಿ ಕಿಟಕಿಯಲ್ಲೂ ಅಷ್ಟೇ, ಡೌನ್‌ಲೋಡ್ ಫೋಲ್ಡರಿಗೆ ಬಂದದ್ದು ಅಲ್ಲೇ ಇರುತ್ತದೆ. ತೆರೆದು ನೋಡಿದರೆ ಊರಿನ ಅರ್ಧ ಜನರ ಪಹಣಿ, ಅಂಕಪಟ್ಟಿ, ಆಧಾರು ಅದರಲ್ಲಿದ್ದವು. ಒಂದು ಗಂಟೆಗಿಂತ ಹಳೆಯ ಫೈಲುಗಳನ್ನು ‘ಫೈಂಡ್’ನಿಂದ ಹುಡುಕಿ ಅಳಿಸುವ ಒಂದು ಸಾಲು ಬರೆದು ‘ಗುಡಿಸು’ ಅಂತ ಹೆಸರಿಟ್ಟೆ. ಸಂಜೆ ಅಂಗಡಿ ಗುಡಿಸಿ ಪೊರಕೆ ಮೂಲೆಗೆ ಇಟ್ಟು ಅಕ್ಕ ಅದನ್ನೂ ಹೊಡೆಯುತ್ತಾಳೆ.

ವಿಂಡೋಸ್ ಯಂತ್ರ

ಅಲ್ಲಿ ‘ಸ್ಟಾರ್ಟ್’ ಅಂತ ಒಂದು ಕಮಾಂಡಿದೆ. ‘ಸ್ಟಾರ್ಟ್’ ಆದಮೇಲೆ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟೆ. ಬ್ರೌಸರು ಬರಲಿಲ್ಲ. ಒಂದು ಹೊಸ ಕಪ್ಪು ಕಿಟಕಿ ಬಂತು, ನೆತ್ತಿಯ ಮೇಲೆ ನಮ್ಮ ವಿಳಾಸ. ಮೊದಲ ಉದ್ಧರಣವನ್ನು ಅದು ಕಿಟಕಿಯ ಶೀರ್ಷಿಕೆ ಅಂದುಕೊಳ್ಳುತ್ತದೆ. ಹಾಗಾಗಿ ಮೊದಲು ಖಾಲಿ ಜೋಡಿ ಚಿಹ್ನೆ, ಆಮೇಲೆ ವಿಳಾಸ: ಸ್ಟಾರ್ಟ್ "" "ವಿಳಾಸ". ವಿಳಾಸದಲ್ಲಿ ಶೇಕಡಾ ಚಿಹ್ನೆ ಇದ್ದರೆ ಬ್ಯಾಚ್ ಫೈಲಿನಲ್ಲಿ (ವಿಂಡೋಸಿನ ಸ್ಕ್ರಿಪ್ಟು) ಅದನ್ನು ಎರಡೆರಡು ಸಲ ಬರೆಯಬೇಕು. ಕಪ್ಪು ಕಿಟಕಿಯಲ್ಲಿ ಕನ್ನಡ ಬರೀ ಡಬ್ಬಿ ಡಬ್ಬಿಯಾಗಿ ಕಂಡಿತು, ಹಾಗಾಗಿ ಅಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಉಳಿದವು. ಆ ಯಂತ್ರದ ಮೇಲೆ ನನಗೆ ಜಾಸ್ತಿ ಪ್ರೀತಿ ಇಲ್ಲ.

ಸೇರಿಸಿದ ಎರಡು ಸಣ್ಣ ಕೆಲಸ

‘ವಿಕಿ’ ಅಂತ ಒಂದು. ಶಾಲೆ ಹುಡುಗರು ಪ್ರಾಜೆಕ್ಟಿಗೆ ಬರುತ್ತಾರಲ್ಲ, ‘ವಿಕಿ ನಂದಿ ಬೆಟ್ಟ’ ಅಂತ ಹೊಡೆದರೆ ಕನ್ನಡ ವಿಕಿಪೀಡಿಯಕ್ಕೆ ಹೋಗುತ್ತದೆ. ಪದಗಳ ನಡುವಿನ ಜಾಗವನ್ನು ಅಡಿಗೆರೆ ಮಾಡಿ ವಿಳಾಸದ ಕೊನೆಗೆ ಅಂಟಿಸುವುದು, ಅಷ್ಟೇ. ಕನ್ನಡ ಅಕ್ಷರಗಳನ್ನು ಫೈರ್‌ಫಾಕ್ಸ್ ತಾನೇ ಶೇಕಡಾ ಚಿಹ್ನೆಯ ಭಾಷೆಗೆ ತಿರುಗಿಸುತ್ತದೆ. ಒಂದು ‘ಕ’ ಅಂದರೆ %ಇ0%ಬಿ2%95. ಅದಕ್ಕೇ ಕನ್ನಡ ಪುಟದ ವಿಳಾಸ ಕಾಪಿ ಮಾಡಿ ವಾಟ್ಸಾಪಿನಲ್ಲಿ ಹಾಕಿದರೆ ರೈಲಿನಷ್ಟು ಉದ್ದ ಆಗುವುದು.

ಇನ್ನೊಂದು ‘ಇದೆಯಾ’. ಇಂಥ ಅಂಗಡಿಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು ‘ಸರ್ವರ್ ಇಲ್ಲ’. ಕೆಲವು ಸಲ ನಿಜ, ಕೆಲವು ಸಲ ನಮ್ಮ ಇಂಟರ್‌ನೆಟ್ಟೇ ಹೋಗಿರುತ್ತದೆ. ‘ಕರ್ಲ್’ಅನ್ನೋ, ವೆಬ್ ಪುಟ ತರುವ ಕಮಾಂಡಿಗೆ ಹತ್ತು ಸೆಕೆಂಡು ಗಡುವು ಕೊಟ್ಟು ಆ ವಿಳಾಸ ಏನು ಕೋಡು ಕೊಡುತ್ತದೆ ಅಂತ ಕೇಳಿಸಿದೆ. 200 ಬಂದರೆ ಸರಿ. 302 ಬಂದರೆ ಬೇರೆ ಪುಟಕ್ಕೆ ಕಳಿಸುತ್ತಿದೆ, ಅದೂ ಸರಿ. 503 ಆದರೆ ಆ ಕಡೆಯವರದೇ ತೊಂದರೆ. 000 ಅಂದರೆ ಉತ್ತರವೇ ಬಂದಿಲ್ಲ, ಮೊದಲು ನಮ್ಮ ರೂಟರ್ ನೋಡು. ಶುರುವಿನಲ್ಲಿ ಬರೀ ತಲೆಬರಹ ಕೇಳುವ ‘-ಐ’ (ಇದು ಮಾತ್ರ ದೊಡ್ಡಕ್ಷರ) ಹಾಕಿದ್ದೆ. ಕೆಲವು ಸೈಟುಗಳಿಗೆ ಆ ಥರ ಕೇಳಿದರೆ ಇಷ್ಟವಿಲ್ಲ, ಚೆನ್ನಾಗಿದ್ದರೂ 403 ಅಥವಾ 405 ಅನ್ನುತ್ತವೆ. ಈಗ ಪುಟವನ್ನೇ ತರಿಸಿ ಬಿಸಾಡುತ್ತೇನೆ.

ಬೆಳಿಗ್ಗೆ ಬೆಲೆಯ ಪುಟ ತಾನಾಗೇ ತೆರೆಯಲಿ ಅಂತ, ಹೇಳಿದ ಹೊತ್ತಿಗೆ ಕಮಾಂಡು ಓಡಿಸುವ ಕ್ರಾನ್‌ಗೆ ಹಾಕಿ ನೋಡಿದ್ದೂ ಉಂಟು. ಕ್ರಾನ್‌ಗೆ ಪರದೆ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ‘ಡಿಸ್‌ಪ್ಲೇ=:0’ ಅಂತ, ಅದೂ ದೊಡ್ಡಕ್ಷರದಲ್ಲಿ, ಹೇಳಿಕೊಡಬೇಕು. ಅದಕ್ಕಿಂತ ಲಾಗಿನ್ ಆದಾಗ ಶುರುವಾಗುವ ಪಟ್ಟಿಗೆ ‘ಬೆಲೆ’ ಸೇರಿಸಿದ್ದೇ ಸುಲಭವಾಯಿತು.

ಮೌಸಿನ ಕಥೆ ಏನಾಯಿತು ಅಂದರೆ, ಆ ಮೊದಲ ಸೋಮವಾರವೇ ಭಾವ 250 ರೂಪಾಯಿ ಕೊಟ್ಟು ಹೊಸದು ತಂದರು. ಅದು ಇವತ್ತಿಗೂ ಸ್ಟೇಪ್ಲರಿನ ಪಕ್ಕ ಡಬ್ಬಿಯಲ್ಲೇ ಇದೆ. ಡ್ರಾಪ್‌ಡೌನ್‌ಗಳನ್ನು ಅಕ್ಕ ಟ್ಯಾಬ್ ಒತ್ತಿ, ಮೊದಲಕ್ಷರ ಹೊಡೆದು ಆರಿಸುತ್ತಾಳೆ.

ಮೊನ್ನೆ ಬೆಳಿಗ್ಗೆ ಅವಳದೇ ಫೋನು. ನನಗೆ ಹೇಳದೆ ಒಂದು ಕಮಾಂಡು ಮಾಡಿದ್ದಾಳೆ, ಹೆಸರು ‘ಗೂಡು’. ಅಂಗಡಿಗೆ ಬರುವ ರೀಲರ್ (ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು) ಒಬ್ಬರು ಯಾವುದೋ ರೇಟಿನ ಪುಟ ಬರೆದುಕೊಟ್ಟಿದ್ದರಂತೆ. ‘ಪರ್ಮಿಷನ್ ಡಿನೈಡ್’ ಅಂತ ಬರುತ್ತಿದೆ.

“ಸಿಎಚ್‌ಮಾಡ್ ಮಾಡಿದ್ಯಾ?”

“ಮಾಡ್ದೆ. ಎಕ್ಸ್ ಅಂತ ಹಾಕ್ದೆ.”

“ಪ್ಲಸ್ ಎಕ್ಸ್ ಅಕ್ಕಾ. ಮೊದಲು ಪ್ಲಸ್ಸು.”

ಕೀಲಿಗಳ ಸದ್ದು ಕೇಳಿಸಿತು. ಆಮೇಲೆ ಅವಳು ಯಾರಿಗೋ “ಕೂತ್ಕೊಳ್ಳಿ ಅಣ್ಣಾ, ಬಂತು ಬಂತು” ಅಂದಳು. ಫೋನು ಇಡುವುದನ್ನೂ ಮರೆತಿದ್ದಳು.